ಪಿಯಾನೋ ಬರುವವರೆಗೆ

ನಾಲ್ಕೇ ಆವರ್ತ ಆಗಿತ್ತೇ? ಐದಾದರೂ ಆಗಿರಬೇಕು. ಅಥವಾ ಎಂಟೂ ಮುಗಿದಿತ್ತೋ ಏನೋ, ತಾನು ಬಂದದ್ದು ಸರಿಯಾಗಿಯೇ ಇತ್ತೋ ಏನೋ, ಡೀಕನ್ ಅವರೇ ಸ್ವರ ಬಿಡುವುದನ್ನು ಮರೆತರೋ. ಲಮಾರ್ ಹಾಸ್ಕಿನ್ಸ್ ಪಿಯಾನೋದ ಮೇಲಿಟ್ಟ ಕೈಗಳನ್ನು ತೆಗೆಯದೆ ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ಎಣಿಸಿದ. ರಾಯ್ಸ್ ಟ್ರಂಪೆಟ್ ಇಳಿಸಿದ್ದು, ಡ್ರಮ್ಸ್ ನಿಂತದ್ದು, ಡೀಕನ್ ಬೇಸ್ ಪಿಟೀಲಿನ ಮೇಲೆ ಕಮಾನು ಎಳೆದದ್ದು. ಒಂದು, ಎರಡು, ಮೂರು, ನಾಲ್ಕು. ಅಲ್ಲಿಂದ ಮುಂದೆ ಎಣಿಕೆಯೇ ಇರಲಿಲ್ಲ. ಅಲ್ಲಿ ಅವನ ಬೆರಳುಗಳಿದ್ದವು.

ಡ್ರಮ್ಸಿನ ಹೋಬ್ ಬಾರಿಸಿದ ಕಂಚಿನ ತಟ್ಟೆಯ ಕೊನೆಯ ಗುಂಯ್ ಇನ್ನೂ ಕೋಣೆಯೊಳಗೆ ಸುತ್ತುತ್ತಿತ್ತು. ಅದು ಪೂರಾ ಅಡಗುವ ತನಕ ಯಾರೂ ಅಲುಗಾಡುವಂತಿರಲಿಲ್ಲ. ಗಾಜಿನಾಚೆ ಟೇಪು ಓಡುತ್ತಲೇ ಇತ್ತು. ಬ್ರೂಕ್ಲಿನ್ನಿನ ಆ ಸ್ಟುಡಿಯೊ ಮೊದಲು ಚರ್ಚಾಗಿತ್ತು. ಅದರ ಮರದ ಮಾಡು ಯಾವ ದನಿಯನ್ನೂ ಬೇಗ ಬಿಟ್ಟುಕೊಡುತ್ತಿರಲಿಲ್ಲ. 1958ರ ಅಕ್ಟೋಬರ್, ಮಧ್ಯಾಹ್ನ ಮೂರೂವರೆ. ಲಮಾರನ ಹೆಸರಿನಲ್ಲಿ ಬರಲಿದ್ದ ಮೊದಲ ರೆಕಾರ್ಡಿನ ಕೊನೆಯ ಹಾಡು ಅದು.

ದನಿ ಅಡಗಿದ ಮೇಲೆ, ಗಾಜಿನಾಚೆಯಿಂದ ಮಾತು ಬರುವ ಮೊದಲು, ಒಂದು ಗಳಿಗೆ ಬಿಡುವಿರುತ್ತದೆ. ಆ ಗಳಿಗೆಗೆ ಅವರಲ್ಲಿ ಒಂದು ಪದ್ಧತಿ ಇತ್ತು. ತಪ್ಪಿದವನು ತಾನೇ ಒಂದು ಬೆರಳೆತ್ತಬೇಕು. ಅಷ್ಟೇ. ಕಾರಣ ಹೇಳಬೇಕಿಲ್ಲ, ಕ್ಷಮೆ ಕೇಳಬೇಕಿಲ್ಲ. ಆದರೆ ಇನ್ನೊಬ್ಬನ ತಪ್ಪನ್ನು ಗಾಜಿನಾಚೆಯವರ ಮುಂದೆ ಯಾರೂ ಹೇಳಬಾರದು, ಕಣ್ಣಲ್ಲೂ ತೋರಿಸಬಾರದು. ಪಿಟ್ಸ್‌ಬರ್ಗಿನಲ್ಲಿ ಹದಿನೇಳರ ಲಮಾರನಿಗೆ ಇದನ್ನು ಕಲಿಸಿದವರು ಏಮೋಸ್ ಪೆಟ್‌ವೇ. ಚರ್ಚಿನಲ್ಲಿ ಡೀಕನ್, ಅಂದರೆ ಸಭೆಯ ಹಿರಿಯರಲ್ಲೊಬ್ಬರು, ಆಗಿದ್ದ ಅವರನ್ನು ಬ್ಯಾಂಡಿನಲ್ಲೂ ಎಲ್ಲರೂ ಡೀಕನ್ ಎಂದೇ ಕರೆಯುತ್ತಿದ್ದರು. ಆಳೆತ್ತರದ ಬೇಸ್ ಪಿಟೀಲನ್ನು ತೋಳಿನಲ್ಲಿ ಅಪ್ಪಿಕೊಂಡು ಮೂವತ್ತು ವರ್ಷ ನುಡಿಸಿದ್ದರು. ನ್ಯೂಯಾರ್ಕಿಗೆ ಬಂದ ಮೇಲೂ ಹಗಲು ಹೊತ್ತು ಒಂದು ದೊಡ್ಡ ಅಂಗಡಿಯ ಲಿಫ್ಟ್ ನಡೆಸುತ್ತಿದ್ದರು.

ಈಗ ಅವರು ಲಮಾರನನ್ನು ನೋಡುತ್ತಿರಲಿಲ್ಲ. ಕಮಾನನ್ನು ತೊಡೆಯ ಪಕ್ಕಕ್ಕೆ ಇಳಿಸಿ, ತಮ್ಮ ಮುಂದಿನ ಕಾಗದವನ್ನು ನೋಡುತ್ತಿದ್ದರು.

ಆ ಕಾಗದವನ್ನು ಬರೆದವನು ಲಮಾರನೇ. ಹಾಡಿನ ಹೆಸರು ‘ಮೊದಲ ಬೆಂಚು’. ಅವನ ಊರಿನ ಚರ್ಚಿನಲ್ಲಿ, ಎದ್ದುನಿಂತು ತಮ್ಮ ಪಾಪ ಹೇಳಿಕೊಳ್ಳಬೇಕಾದವರು ಕೂರುತ್ತಿದ್ದ ಬೆಂಚು ಅದು. ಅವರು ಬಾಯಿಬಿಡುವ ತನಕ ಸಭೆಯೆಲ್ಲ ತುಟಿ ಮುಚ್ಚಿಕೊಂಡು ಒಂದೇ ಸ್ವರವನ್ನು ಹಿಡಿದು ಕಾಯುತ್ತಿತ್ತು. ಅದನ್ನೇ ಅವನು ಹಾಡಿನಲ್ಲಿ ಇಟ್ಟಿದ್ದ. ಎಲ್ಲರ ಸರದಿ ಮುಗಿದ ಮೇಲೆ, ಕೊನೆಯ ಸಲ ಪಲ್ಲವಿ ಬರುವ ಮುನ್ನ, ಎಂಟು ಆವರ್ತ ಎಲ್ಲರೂ ಸುಮ್ಮನಿರಬೇಕು. ಡೀಕನ್ ಮಾತ್ರ ಕಮಾನಿನಲ್ಲಿ ಒಂದು ತಗ್ಗು ಸ್ವರ ಹಿಡಿದು ನಿಲ್ಲಬೇಕು. ಎಂಟು ಮುಗಿದ ಮೇಲೆ ಪಿಯಾನೋ ಬರಬೇಕು, ಅದರ ಹಿಂದೆ ಉಳಿದವರು.

ಎರಡು ದಿನ ಮೊದಲು ಅಭ್ಯಾಸ ಮಾಡುವಾಗ ಡೀಕನ್ ನಕ್ಕಿದ್ದರು. "ಎಂಟು ಜಾಸ್ತಿ ಆಯ್ತು ಮಗನೇ. ನಾಲ್ಕಕ್ಕೇ ನಿನ್ನ ಕೈ ತುರಿಸುತ್ತೆ."

"ನಿಮ್ಮ ತೋಳು ಸೋಲುತ್ತೆ ಅಂತ ಹೇಳಿ, ಡೀಕನ್."

"ನನ್ನ ತೋಳಾ? ದಿನಕ್ಕೆ ನಾನೂರು ಹೆಂಗಸರನ್ನ ಟೋಪಿ ಸಮೇತ ಏಳನೇ ಮಹಡಿಗೆ ಏರಿಸೋ ತೋಳು ಇದು. ನೀನು ಸುಮ್ನಿರೋದು ಕಲಿ."

ಹೋಬ್ ಡ್ರಮ್ಸಿನ ಕೋಲಿನಿಂದ ಕಿವಿ ಕೆರೆದುಕೊಳ್ಳುತ್ತಾ, "ನಂಗೆ ಎಂಟೋ ಹದಿನಾರೋ ಗೊತ್ತಿಲ್ಲಪ್ಪ, ನೀನು ಕೈ ಇಟ್ಟಾಗ ನಾನು ಬರ್ತೀನಿ" ಎಂದಿದ್ದ. ರಾಯ್ಸ್ ಕೂಡ ಹಾಗೇ. ಇಬ್ಬರೂ ಎಣಿಸುವ ಕೆಲಸವನ್ನು ಲಮಾರನಿಗೆ ಬಿಟ್ಟಿದ್ದರು.

ಇಂದು ಮೊದಲ ಎರಡು ಸಲ ಎಂಟೂ ಸರಿಯಾಗಿಯೇ ಬಂದಿದ್ದವು. ರಾಯ್ಸ್‌ನ ಟ್ರಂಪೆಟ್ ನುಡಿಕೆ ಮಾತ್ರ ಕೆಟ್ಟಿತ್ತು. ಮೂರನೆಯ ಸಲ ರಾಯ್ಸ್ ನುಡಿಸಿದ್ದನ್ನು ಅವರ್ಯಾರೂ ಎಂದೂ ಕೇಳಿರಲಿಲ್ಲ. ಒಬ್ಬ ಮನುಷ್ಯ ಬಾಗಿಲು ಮುರಿದುಕೊಂಡು ತನ್ನ ಮನೆಯೊಳಕ್ಕೇ ನುಗ್ಗುವಂತೆ ನುಡಿಸಿದ. ಆ ಬಿಸಿ ಲಮಾರನ ಕೈಗಳಲ್ಲಿತ್ತು. ಡೀಕನ್ ಸ್ವರ ಹಿಡಿದರು. ನಾಲ್ಕು ಆವರ್ತ ಕಳೆದದ್ದೇ ಅವನ ಕೈ ಪಲ್ಲವಿಯ ಮೇಲೆ ಬಿತ್ತು. ಹೋಬ್ ಬಂದ, ರಾಯ್ಸ್ ಬಂದ. ಡೀಕನ್ ಬರಲಿಲ್ಲ. ಕಾಗದದಲ್ಲಿ ಇದ್ದಂತೆ ತಮ್ಮ ಸ್ವರದ ಮೇಲೆಯೇ ನಿಂತಿದ್ದರು. ಪಲ್ಲವಿಯ ಕೆಳಗೆ ಆ ಸ್ವರ ಅನ್ನದಲ್ಲಿನ ಕಲ್ಲಿನಂತೆ ಕೇಳಿಸಿತು. ಎರಡು ಆವರ್ತದ ಬಳಿಕ ಅವರು ಸ್ವರವನ್ನು ಜಾರಿಸಿಕೊಂಡು ಬಂದು ಎಲ್ಲರೊಡನೆ ಕೂಡಿಕೊಂಡರು. ಕೇಳುವವರಿಗೆ ತೂಕಡಿಸುತ್ತಿದ್ದವನು ಎಚ್ಚತ್ತಂತೆಯೇ ಇತ್ತು.

ಗೋಡೆಯ ಮೇಲಿನ ಧ್ವನಿವರ್ಧಕ ಕಟಕಟ ಎಂದಿತು. ರೆಕಾರ್ಡ್ ಕಂಪನಿಯ ಮಿಸ್ಟರ್ ಕೋಪ್ ಗಾಜಿನಾಚೆಯಿಂದ ಮಾತಾಡಿದರು. "ರಾಯ್ಸ್, ಇದಕ್ಕೆ ನಾನೇನೂ ಹೇಳಲ್ಲ. ಮನೆಗೆ ಹೋಗಿ ನಿನ್ನ ತಾಯಿಗೆ ಫೋನ್ ಮಾಡು." ಆಮೇಲೆ, "ಕೊನೇಲಿ ಏನಾಯ್ತು? ಡೀಕನ್, ನಿದ್ದೆ ಬಂತಾ?" ಎಂದರು.

ಹೋಬ್ ತನ್ನ ಬೂಟು ನೋಡಿಕೊಂಡ. ರಾಯ್ಸ್ ತುಟಿ ಒರೆಸಿಕೊಂಡ. ಲಮಾರನ ಬಲಗೈಯ ತೋರುಬೆರಳು ಪಿಯಾನೋದ ಬಿಳಿ ಮನೆಯೊಂದರ ಮೇಲಿತ್ತು. ಅದನ್ನು ಒಂದು ಗೇಣು ಮೇಲೆತ್ತಿದರೆ ಸಾಕಿತ್ತು. ಮೊದಲ ರೆಕಾರ್ಡು, ಗಾಜಿನಾಚೆ ಕಂಪನಿಯವನು, ಅವನ ಪಕ್ಕದಲ್ಲಿ ಯೂರೋಪಿನ ಪ್ರವಾಸ ಗೊತ್ತುಮಾಡಲು ಬಂದಿದ್ದ ಏಜೆಂಟ್. ತನ್ನ ಹಾಡನ್ನು ತಾನೇ ಎಣಿಸಲಾರದ ಪಿಯಾನೋದವನು. ಹೀಗೆಲ್ಲ ಅವನು ಯೋಚಿಸಿದ ಎಂದೂ ಹೇಳಲಾಗದು. ಬೆರಳು ಏಳಲಿಲ್ಲ, ಅಷ್ಟೇ.

ಡೀಕನ್ ತಲೆಯೆತ್ತಿ ಒಮ್ಮೆ ಅವನ ಕಡೆ ನೋಡಿದರು. ಆಮೇಲೆ ಕಮಾನು ಹಿಡಿದ ಕೈಯ ಒಂದು ಬೆರಳನ್ನು ಗಾಜಿಗೆ ಕಾಣುವಂತೆ ಎತ್ತಿದರು.

"ನಂದೇ" ಎಂದರು. "ಏಳನೇ ಮಹಡಿಲಿ ಬಾಗಿಲು ತೆಗೆಯೋದು ಮರೆತೆ."

ಎಲ್ಲರೂ ನಕ್ಕರು. ಲಮಾರನೂ ನಕ್ಕ.

ಕೋಪ್ ಇನ್ನೊಂದು ಸಲ ನುಡಿಸೋಣವೇ ಎಂದು ಕೇಳಿದರು. ರಾಯ್ಸ್ ಗಾಜಿನ ಹತ್ತಿರ ಹೋಗಿ ಬಾತಿದ್ದ ತುಟಿ ತೋರಿಸಿದ. "ಇನ್ನೊಂದ್ಸಲ ಬೇಕಾದ್ರೆ ನೀವೇ ಊದ್ಕೊಳ್ಳಿ, ಮಿಸ್ಟರ್ ಕೋಪ್. ಹಲ್ಲು ಬೇಕಾದ್ರೂ ಕೊಡ್ತೀನಿ." ಎರಡನೆಯ ಸಲದ ಕೊನೆಯನ್ನು ಕತ್ತರಿಸಿ ಇದಕ್ಕೆ ಅಂಟಿಸಬಹುದೇ ಎಂದು ನೋಡಿದರು. ಅದರ ನಡೆ ತುಸು ವೇಗವಾಗಿತ್ತು, ಕೂಡಲಿಲ್ಲ. ಮೂರನೆಯದೇ ಇರಲಿ, ಬಿಸಿ ಇದೆ, ಸಣ್ಣ ಸುಕ್ಕು ಯಾರಿಗೂ ಕಾಣಲ್ಲ ಎಂದು ಕೋಪ್ ತೀರ್ಮಾನಿಸಿದರು.

ಕಾಗದಗಳನ್ನು ಒಟ್ಟುಮಾಡಿಕೊಳ್ಳುವುದು ಬ್ಯಾಂಡಿನ ಯಜಮಾನನ ಕೆಲಸ. ಲಮಾರ್ ತನ್ನದನ್ನೂ ರಾಯ್ಸ್‌ನದನ್ನೂ ತೆಗೆದುಕೊಂಡ. ಹೋಬ್‌ಗೆ ಕಾಗದ ಇರಲೇ ಇಲ್ಲ. ಡೀಕನ್ ಅವರ ಸ್ಟ್ಯಾಂಡು ಖಾಲಿ ಇತ್ತು. ಅವರು ಬೇಸ್ ಪಿಟೀಲಿಗೆ ಗವಸು ಹಾಕುತ್ತಿದ್ದರು.

"ಡೀಕನ್" ಎಂದ ಲಮಾರ್.

"ರೆಕಾರ್ಡು ನಿಂದು. ಈವತ್ತು ಬೆರಳು ನಂದಿರ್ಲಿ." ಅವರು ಗವಸಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದರು. "ಆಮೇಲೆ ಯಾವಾಗಲಾದ್ರೂ ಹೇಳ್ತೀಯ. ಯಾವಾಗ ಅಂತ ನಿಂಗೇ ಗೊತ್ತಾಗುತ್ತೆ. ಈ ಕಡೆ ಹಿಡ್ಕೋ, ಬಾಗಿಲು ಕಿರಿದು."

ಇಬ್ಬರೂ ಸೇರಿ ಬೇಸನ್ನು ಬಾಗಿಲು ದಾಟಿಸಿದರು.

ಮಾರ್ಚಿನಲ್ಲಿ ರೆಕಾರ್ಡು ಹೊರಬಂತು. ಏಪ್ರಿಲ್ ಹೊತ್ತಿಗೆ ಹಾರ್ಲೆಮಿನ ಕ್ಷೌರದಂಗಡಿಗಳಲ್ಲಿ, ಹೋಟೆಲುಗಳ ರೆಕಾರ್ಡ್ ಪೆಟ್ಟಿಗೆಗಳಲ್ಲಿ ‘ಮೊದಲ ಬೆಂಚು’ ಕೇಳಿಸತೊಡಗಿತು. ಪತ್ರಿಕೆಯವರು ಆ ಬಗೆಯ ಜಾಝ್ ಸಂಗೀತಕ್ಕೆ ಹಾರ್ಡ್ ಬಾಪ್ ಎಂದು ಹೆಸರಿಟ್ಟಿದ್ದರು; ಹೆಂಗಸರು ಬಟ್ಟೆ ಇಸ್ತ್ರಿ ಮಾಡುತ್ತಾ ಗುನುಗುತ್ತಿದ್ದರು. ಒಂದು ದೊಡ್ಡ ಪತ್ರಿಕೆ ಲಮಾರನನ್ನು ಪುಟ ತುಂಬ ಹೊಗಳಿ, ಕಡೆಗೆ ಒಂದೇ ಸಾಲು ಬರೆಯಿತು: ಪಿಯಾನೋ ಪಲ್ಲವಿಗೆ ಮರಳುವ ಆ ಅಪೂರ್ವ ಗಳಿಗೆಯನ್ನು ಬೇಸ್ ನುಡಿಸುವ ಹಿರಿಯರು ಹಾಳುಮಾಡಿದ್ದಾರೆ, ವಯಸ್ಸು ಯಾರನ್ನೂ ಬಿಡುವುದಿಲ್ಲ. ಡೀಕನ್ ಅವರಿಗೆ ಆಗ ಐವತ್ತೊಂದು.

ಆ ಸಾಲು ಊರಿಡೀ ತಿರುಗಿತು. ಸಂಗೀತದವರ ಊರು ದೊಡ್ಡದೇನಲ್ಲ, ನಾಲ್ಕು ಕ್ಲಬ್ಬು, ಎರಡು ಹೋಟೆಲು, ಒಂದು ಯೂನಿಯನ್ ಕಚೇರಿ. ಡೀಕನ್ ಅವರನ್ನು ಸ್ಟುಡಿಯೊಗಳಿಗೆ ಕರೆಯುತ್ತಿದ್ದವರು ಕರೆಯುವುದನ್ನು ನಿಲ್ಲಿಸಿದರು. ಯೂನಿಯನ್ ಕಚೇರಿಯ ಮೆಟ್ಟಿಲಲ್ಲಿ ಒಬ್ಬ ಎಳೆಯ ಬೇಸಿನವನು ಅವರನ್ನು ನೋಡಿ ಗೊರಕೆ ಹೊಡೆದಂತೆ ಸದ್ದು ಮಾಡಿದ ಎಂದು ಹೋಬ್ ಬಂದು ಹೇಳಿದ.

"ನೀವೇನಂದ್ರಿ ಅಂತ ಡೀಕನ್ನ ಕೇಳ್ದೆ" ಎಂದ ಹೋಬ್. "‘ಮೂಗು ಕಟ್ಟಿದ್ರೆ ಹಬೆ ತಗೋ ಅಂದೆ’ ಅಂದ್ರು." ಮತ್ತೆ, "ಅವರು ಎಣಿಕೆ ತಪ್ಪಿದ್ದನ್ನ ನಾನಂತೂ ಅದೊಂದು ಸಲ ಬಿಟ್ಟು ನೋಡಿಲ್ಲ, ಲಮಾರ್. ವಿಚಿತ್ರ ಅಲ್ವಾ?" ಎಂದ.

"ವಿಚಿತ್ರವೇ" ಎಂದ ಲಮಾರ್.

ಮೇ ತಿಂಗಳಲ್ಲಿ ಯೂರೋಪಿನ ಪ್ರವಾಸ ನಿಶ್ಚಯವಾಯಿತು. ಆರು ವಾರ, ಹನ್ನೊಂದು ಊರು. ಡೀಕನ್ ಅವರಿಗೆ ಈ ಪ್ರವಾಸದ ಮಾತನ್ನು ಲಮಾರ್ ರೆಕಾರ್ಡಿಗೆ ಮೊದಲೇ ಕೊಟ್ಟಿದ್ದ. ಅವರು ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದ್ದರು. ಲಿಫ್ಟಿನ ಕೆಲಸ ಬಿಡುವುದಾಗಿ ಅಂಗಡಿಯವರಿಗೂ ತಿಳಿಸಿದ್ದರು. ಅವರ ಹೆಂಡತಿ ವಿಲೆಟಾ ಬೇಸ್ ಪಿಟೀಲಿಗೆಂದು ದಪ್ಪ ಕ್ಯಾನ್ವಾಸಿನ ಹೊಸ ಗವಸು ಹೊಲಿದು, ಹಡಗಿನಲ್ಲಿ ಕಳೆದುಹೋಗದಿರಲಿ ಎಂದು ಅದರ ಮೇಲೆ ಕೆಂಪು ದಾರದಲ್ಲಿ ಎ. ಪೆಟ್‌ವೇ ಎಂದು ಕಸೂತಿ ಹಾಕಿದ್ದರು.

ಏಜೆಂಟ್ ಬೆಳಗಿನ ಕಾಫಿಗೆ ಕರೆದು ನೇರವಾಗಿಯೇ ಹೇಳಿದ. "ಆ ಮುದುಕ ಬೇಡ. ಅಲ್ಲಿಯವರು ರೆಕಾರ್ಡು ಕೇಳಿರ್ತಾರೆ. ವೇದಿಕೆ ಮೇಲೆ ಮತ್ತೆ ತೂಕಡಿಸಿದ್ರೆ ನಿನ್ನ ಮರ್ಯಾದೆ ಹೋಗುತ್ತೆ. ಫಿಲಡೆಲ್ಫಿಯಾದ ಒಬ್ಬ ಇದಾನೆ, ಇಪ್ಪತ್ತಮೂರು ವಯಸ್ಸು, ಗಡಿಯಾರದ ಥರ ನುಡಿಸ್ತಾನೆ. ಅಥವಾ ನಿಂಗೆ ಅವರೇ ಬೇಕು ಅನ್ನೋಕೆ ಬೇರೆ ಕಾರಣ ಏನಾದ್ರೂ ಇದ್ರೆ ಹೇಳು, ಕೇಳ್ತೀನಿ."

ಕಾರಣ ಇತ್ತು. ಅದು ಒಂದು ವಾಕ್ಯದ್ದು. ಲಮಾರ್ ಚಮಚೆಯನ್ನು ಕಪ್ಪಿನಲ್ಲಿ ತಿರುಗಿಸುತ್ತ ಕೂತ. ಸಕ್ಕರೆ ಹಾಕಿರಲಿಲ್ಲವೆಂಬುದು ಆಮೇಲೆ ನೆನಪಾಯಿತು.

"ಅವರು ನನಗೆ ಕಲಿಸಿದವರು" ಎಂದ.

"ಕಲಿಸಿದವರಿಗೆ ಕಾಗದ ಬರಿ" ಎಂದ ಏಜೆಂಟ್.

ಕಾಗದ ಬರೆಯಲಿಲ್ಲ. ಶನಿವಾರ ಮಧ್ಯಾಹ್ನ ತಾನೇ ಹೋದ. ನೂರ ನಲವತ್ತೊಂದನೆಯ ರಸ್ತೆಯಲ್ಲಿ ನಾಲ್ಕು ಮಹಡಿ ಹತ್ತುವಾಗ ವಾಕ್ಯವನ್ನು ಜೋಡಿಸಿಕೊಳ್ಳುತ್ತಿದ್ದ. ಮೊದಲು ತಪ್ಪು ನನ್ನದೆಂದು ಹೇಳುವುದು, ಆಮೇಲೆ ಏಜೆಂಟಿಗೆ ಹೇಳುತ್ತೇನೆಂದು ಹೇಳುವುದು, ಸೋಮವಾರ ಹೇಳಿಯೇಬಿಡುವುದು. ಮೂರನೆಯ ಮಹಡಿಯ ಹೊತ್ತಿಗೆ ಮೀನು ಕರಿಯುವ ವಾಸನೆ ಬಂತು.

ವಿಲೆಟಾ ಬಾಗಿಲು ತೆಗೆದರು. "ಬಾ, ಸರಿಯಾದ ಹೊತ್ತಿಗೇ ಬಂದೆ. ಅವರು ಸ್ನಾನಕ್ಕೆ ಹೋಗಿದಾರೆ. ಕೂತ್ಕೋ. ಎಷ್ಟು ಸಣ್ಣಗಾಗಿದೀಯ, ಪತ್ರಿಕೇಲಿ ಹೆಸರು ಬಂದ್ರೆ ಹೊಟ್ಟೆ ತುಂಬುತ್ತಾ?"

ಗೋಡೆಗೆ ಒರಗಿಸಿದ್ದ ಬೇಸು ಹೊಸ ಗವಸು ತೊಟ್ಟುಕೊಂಡಿತ್ತು. ಕೆಂಪು ಅಕ್ಷರಗಳು ಅವನ ಕಡೆಗೇ ಇದ್ದವು. ವಿಲೆಟಾ ಮೀನು, ಜೋಳದ ರೊಟ್ಟಿ, ಬೇಯಿಸಿದ ಸೊಪ್ಪು ತಂದಿಟ್ಟು ಎದುರಿಗೆ ಕೂತರು. ಸ್ನಾನದ ಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ನಿನ್ನನ್ನೊಂದು ಮಾತು ಕೇಳ್ಬೇಕಿತ್ತು. ಈ ಮನುಷ್ಯ ಮೆಟ್ಟಿಲು ಹತ್ತುವಾಗ ಮೆಟ್ಟಿಲು ಎಣಿಸ್ತಾರೆ. ಪ್ರಾರ್ಥನೆ ಮಾಡುವಾಗ ಪಾದ್ರಿ ಎಷ್ಟು ಸಲ ‘ಪ್ರಭು’ ಅಂದ್ರು ಅಂತ ಎಣಿಸ್ತಾರೆ. ಮದುವೆ ದಿನ ಸಭೇಲಿ ನೂರ ಹದಿನೇಳು ಜನ ಇದ್ರು ಅಂತ ಈಗಲೂ ಹೇಳ್ತಾರೆ. ಇಂಥವರು ಎಣಿಕೆ ತಪ್ಪಿದ್ರು ಅಂತ ಜನ ನಗ್ತಾರೆ. ಕೇಳಿದ್ರೆ, ಹೌದು ತಪ್ಪಿದೆ ಅಂತ ಅವರೇ ಹೇಳ್ತಾರೆ. ನಂಗೆ ಸಂಗೀತ ಬರಲ್ಲ. ನೀನು ಅಲ್ಲೇ ಇದ್ದೆ. ಅವರು ತಪ್ಪಿದ್ದು ನಿಜವಾ?"

ಲಮಾರನ ಬಾಯಿ ತುಂಬ ಮೀನಿತ್ತು. ನುಂಗಲು ಬೇಕಾದಷ್ಟು ಹೊತ್ತು ಅವನಿಗೆ ಸಿಕ್ಕಿತು. ಅದಕ್ಕಿಂತ ಹೆಚ್ಚೇ ಸಿಕ್ಕಿತು.

"ಎಲ್ಲರೂ ಒಂದಲ್ಲ ಒಂದಿನ ತಪ್ತಾರೆ, ಸಿಸ್ಟರ್ ವಿಲೆಟಾ" ಎಂದ.

ಮಾತು ಮುಗಿಯುವಾಗ ಡೀಕನ್ ಬಾಗಿಲಲ್ಲಿ ನಿಂತಿದ್ದರು, ಹೆಗಲ ಮೇಲೆ ಟವೆಲು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ಬಂದು ಕೂತರು, ರೊಟ್ಟಿಯ ತಟ್ಟೆಯನ್ನು ಅವನ ಕಡೆ ಸರಿಸಿದರು.

"ಫಿಲಡೆಲ್ಫಿಯಾದ ಹುಡುಗ ಚೆನ್ನಾಗಿ ನುಡಿಸ್ತಾನೆ ಅಂತ ಕೇಳ್ದೆ" ಎಂದರು.

"ಏಜೆಂಟು..."

"ಗೊತ್ತು. ತಿನ್ನು. ಮುಳ್ಳು ನೋಡ್ಕೋ."

ವಿಲೆಟಾ ಇಬ್ಬರನ್ನೂ ನೋಡಿದರು. ಆಮೇಲೆ ಎದ್ದು ಒಲೆಯ ಕಡೆ ತಿರುಗಿ ನಿಂತರು. ಬಾಣಲೆಯಲ್ಲಿ ಬೇಯಲು ಏನೂ ಉಳಿದಿರಲಿಲ್ಲ.

ಡೀಕನ್ ಅಂಗಡಿಯವರನ್ನು ಕೇಳಿಕೊಂಡು ಮತ್ತೆ ಲಿಫ್ಟಿಗೆ ಹೋದರು. ಭಾನುವಾರ ಚರ್ಚಿನಲ್ಲಿ ಮಾತ್ರ ನುಡಿಸುತ್ತಿದ್ದರು, ಕೆಲವು ವರ್ಷಗಳ ನಂತರ ಅದೂ ನಿಂತಿತು. ಲಮಾರ್ ಬೇರೆ ರೆಕಾರ್ಡುಗಳನ್ನು ಮಾಡಿದ. ಜನ ಕೇಳುತ್ತಿದ್ದದ್ದು ಮೊದಲನೆಯದನ್ನೇ. ಬೇರೆ ಬ್ಯಾಂಡಿನವರು ‘ಮೊದಲ ಬೆಂಚು’ ನುಡಿಸುವಾಗ ರೆಕಾರ್ಡು ಕೇಳಿಯೇ ಕಲಿತಿದ್ದರಿಂದ ನಾಲ್ಕೇ ಆವರ್ತ ಕಾಯುತ್ತಿದ್ದರು. ಅವನೂ ವೇದಿಕೆಯ ಮೇಲೆ ನಾಲ್ಕನ್ನೇ ಕಾಯುತ್ತಿದ್ದ. ಎಂಟು ಕಾದರೆ ಯಾಕೆಂದು ಜನ ಕೇಳುತ್ತಿದ್ದರು. ಕೆಲವು ಎಳೆಯ ಬೇಸಿನವರು ಆ ಜಾರಿಕೆಯನ್ನೂ ಕಲಿತು, ಅದೊಂದು ಸೊಗಸೆಂದುಕೊಂಡು ಹಾಗೆಯೇ ನುಡಿಸುತ್ತಿದ್ದರು. ಇನ್ನು ಕೆಲವರು ಬೇಕೆಂದೇ ಗೊರಕೆಯಂತೆ ಎಳೆದು ಸಭೆಯನ್ನು ನಗಿಸುತ್ತಿದ್ದರು. ಸಂದರ್ಶನಕ್ಕೆ ಬಂದವರೆಲ್ಲ ಒಂದಲ್ಲ ಒಂದು ಹೊತ್ತಿಗೆ ಆ ಜಾಗದ ಬಗ್ಗೆ ಕೇಳುತ್ತಿದ್ದರು. ಅವನು ನಕ್ಕು, ಡೀಕನ್ ದೊಡ್ಡ ಮನುಷ್ಯ ಎನ್ನುತ್ತಿದ್ದ. ಅವನ ದೊಡ್ಡತನವೆಂದು ಅದನ್ನೂ ಅವರು ಬರೆದುಕೊಳ್ಳುತ್ತಿದ್ದರು.

1967ರ ಫೆಬ್ರವರಿಯಲ್ಲಿ ಡೀಕನ್ ತೀರಿಕೊಂಡರು. ಲಿಫ್ಟಿನಲ್ಲೇ, ಸ್ಟೂಲಿನ ಮೇಲೆ ಕೂತಿದ್ದ ಹಾಗೆಯೇ. ನಾಲ್ಕನೆಯ ಮಹಡಿಯಲ್ಲಿ ಬಾಗಿಲು ತೆಗೆಯದಿದ್ದಾಗ ಒಳಗಿದ್ದ ಹೆಂಗಸರು ನಿದ್ದೆ ಹೋಗಿದ್ದಾರೆಂದು ರೇಗಿದರಂತೆ. ಇದನ್ನು ಹೇಳಿದವನು ಹೋಬ್.

ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಲಮಾರನಿಗೆ ಮೊದಲ ಬೆಂಚಿನಲ್ಲೇ ಜಾಗ ಕೊಟ್ಟರು, ದೊಡ್ಡವನಲ್ಲವೇ. ಪಾದ್ರಿ ಮಾತು ನಿಲ್ಲಿಸಿದಾಗ ಸಭೆ ತುಟಿ ಮುಚ್ಚಿಕೊಂಡು ಒಂದು ಸ್ವರ ಹಿಡಿಯಿತು. ಬೇಡವೆಂದರೂ ಅವನು ಎಣಿಸಿದ. ಹನ್ನೆರಡರ ನಂತರ ಎಣಿಕೆ ತಪ್ಪಿತು. ಯಾರೂ ಎದ್ದುನಿಲ್ಲಲಿಲ್ಲ.

ಆಮೇಲೆ ನೆಲಮಾಳಿಗೆಯಲ್ಲಿ ಊಟ. ಉದ್ದನೆಯ ಮೇಜುಗಳು, ಕರಿದ ಕೋಳಿ, ಬೆಣ್ಣೆ ಕೇಕು, ಮಾತು, ನಗು. ವಿಲೆಟಾ ಕಪ್ಪು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಒಂದು ಮೂಲೆಯಲ್ಲಿ ಕೂತಿದ್ದರು. ಅವನನ್ನು ಕಂಡು ಪಕ್ಕದ ಕುರ್ಚಿ ತಟ್ಟಿದರು.

"ಬೇಸು ಮಾರ್ಬೇಕು. ಗವಸಿನ ಒಳಜೇಬಲ್ಲಿ ಇದಿತ್ತು." ಕೈಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. "ಹಳೇ ಗವಸಿಂದ ಹೊಸದಕ್ಕೆ ಅವರೇ ತೆಗೆದಿಟ್ಟಿರ್ಬೇಕು. ನಿನ್ನ ಕೈಬರಹ ಅಲ್ವಾ?"

ಅವನದೇ. ಮಡಿಕೆಗಳಲ್ಲಿ ಹರಿದಿತ್ತು, ಮಸಿ ಕಂದಿತ್ತು. ಎಂಟು ವರ್ಷಕ್ಕೂ ಮೇಲೆ ಅವರ ಬಳಿಯೇ ಇತ್ತು. ಯೂನಿಯನ್ ಕಚೇರಿಯ ಮೆಟ್ಟಿಲಲ್ಲಿ ತೆಗೆದು ತೋರಿಸಬಹುದಿತ್ತು. ಏಜೆಂಟಿಗೆ ಅಂಚೆಯಲ್ಲಿ ಕಳಿಸಬಹುದಿತ್ತು. ಹೆಂಡತಿಗೂ ತೋರಿಸಿರಲಿಲ್ಲ.

ವಿಲೆಟಾ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ಮೊಟ್ಟೆಯಂಥ ಬಿಳಿ ಸೊನ್ನೆಗಳು ಆವರ್ತಕ್ಕೊಂದರಂತೆ ಸಾಲಾಗಿದ್ದವು, ಒಂದರಿಂದ ಇನ್ನೊಂದಕ್ಕೆ ಸಣ್ಣ ಕಮಾನುಗಳು.

"ಮೇಲೆಲ್ಲ ಇರುವೆ ಹರಿದಂಗಿದೆ. ಇಲ್ಲಿ ಮಾತ್ರ ಹೀಗಿದೆ. ಎಂಟು ಇವೆ, ನಾನು ಎಣಿಸ್ದೆ. ಇದೇನು ಹೇಳುತ್ತೆ?"

"ಒಂದೇ ಸ್ವರ" ಎಂದ ಲಮಾರ್. "ಹಿಡಿದು ನಿಲ್ಲಬೇಕು ಅಂತ."

"ಎಷ್ಟು ಹೊತ್ತು?"

ಆಚೆ ಮೇಜಿನಲ್ಲಿ ಹೋಬ್ ಯಾರಿಗೋ ನಾನೂರು ಹೆಂಗಸರ ಟೋಪಿಯ ಮಾತು ಹೇಳಿ ನಗಿಸುತ್ತಿದ್ದ. ವಿಲೆಟಾ ಲಮಾರನ ಮುಖವನ್ನೇ ನೋಡುತ್ತಿದ್ದರು. ಅವರ ಬೆರಳು ಎಂಟನೆಯ ಸೊನ್ನೆಯ ಮೇಲಿತ್ತು.

"ಪಿಯಾನೋ ಬರುವವರೆಗೆ" ಎಂದ.

ಅವರು ಸ್ವಲ್ಪ ಹೊತ್ತು ಕಾಗದವನ್ನೇ ನೋಡಿದರು.

"ಹಾಗಾದ್ರೆ ಪಿಯಾನೋ ಬಂದ ಮೇಲೂ ಅವರು ಹಿಡ್ಕೊಂಡೇ ಇದ್ರು" ಎಂದರು. "ಪಾಪ. ನಿದ್ದೆಗೆಟ್ಟು ದುಡೀತಿದ್ರು. ನಾನು ಸುಮ್ನೆ ನಿನ್ನ ಮೇಲೆ ಅನುಮಾನ ಇಟ್ಕೊಂಡಿದ್ದೆ ಮಗನೇ, ಇಷ್ಟು ವರ್ಷ." ಕಾಗದವನ್ನು ಹಳೆಯ ಮಡಿಕೆಗಳಲ್ಲೇ ಮಡಿಸಿ ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾವೇ ಮುಚ್ಚಿದರು. "ನಿನ್ನ ಹತ್ರ ಇರ್ಲಿ. ಕೇಕು ತಿಂದೆಯಾ?"

ಅವನು ಹೋಗಿ ಕೇಕು ತಂದ. ಅವರಿಗೊಂದು ತುಂಡು, ತನಗೊಂದು ತುಂಡು. ಇಬ್ಬರೂ ಕೂತು ತಿಂದರು.

ಅಂದು ಎಣಿಕೆ ತಪ್ಪಿದ್ದು ತಾನು, ಡೀಕನ್ ಅಲ್ಲ ಎಂಬುದನ್ನು ಲಮಾರ್ ಹಾಸ್ಕಿನ್ಸ್ ಆ ದಿನವೂ ಹೇಳಲಿಲ್ಲ, ಮುಂದೆ ಎಂದೂ, ಯಾರಿಗೂ ಹೇಳಲಿಲ್ಲ.